ಒಂದು ಹನಿಯ ಲ್ಯಾಬು

ಗುಬ್ಬಿ
14 ಜುಲೈ 2024

ಅಪ್ಪನಿಗೆ ನಮಸ್ಕಾರ.

ತುಮಕೂರಿನ ಅಧ್ಯಾಪಕರ ಸಮ್ಮೇಳನ ಮುಗಿದು ನಾಲ್ಕು ತಿಂಗಳಾಯಿತು. ಅವತ್ತಿನಿಂದ ನಿಮ್ಮ ಕಡೆಯಿಂದ ಒಂದು ಮಾತೂ ಇಲ್ಲ. ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ. "ಅವರಿಗೆ ಕೇಳ್ಸಲ್ಲ ಕಣವ್ವ, ಏನಿದ್ರೂ ನಂಗೇ ಹೇಳು" ಅನ್ನುತ್ತಾಳೆ. ನಿಮಗೆ ಕಿವಿ ಮಂದವಾಗಿದೆ, ಒಪ್ಪಿದೆ. ಕಾಗದ ಓದಲು ಕಿವಿ ಬೇಡವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಬರೆಯುತ್ತಿಲ್ಲ. ಒಂದು ಪುಡಿಯಲ್ಲಿ ಯಾವ ಲೋಹವಿದೆ ಎಂದು ಪತ್ತೆ ಮಾಡಲು ಕೊಳೆತ ಮೊಟ್ಟೆಯ ನಾತದ ವಿಷದ ಗ್ಯಾಸು ಹಾಯಿಸಿ, ಮಕ್ಕಳ ಮೂಗಿಗೂ ಅದನ್ನೇ ತುಂಬಿ, ಉಳಿದದ್ದನ್ನು ಸಿಂಕಿಗೆ ಸುರಿಯುವ ಪಾಠ ಇನ್ನು ಸಾಕು ಎಂದೆ. ಆ ಪಾಠವನ್ನೇ ಮೂವತ್ತು ವರ್ಷ ಕುಣಿಗಲ್ಲಿನಲ್ಲಿ ಕಲಿಸಿ, ಇಡೀ ಜಿಲ್ಲೆ ಹೆದರುವ ಪರೀಕ್ಷಕರಾದ ದೊಡ್ಡರಂಗಯ್ಯ ಮೇಷ್ಟ್ರು ಮೂರನೇ ಸಾಲಿನಲ್ಲಿ ಕೂತಿದ್ದಾರೆ ಎನ್ನುವುದು ನನಗೆ ಗೊತ್ತಿತ್ತು. ನೀವು ಎದ್ದು ಹೋದದ್ದನ್ನೂ ವೇದಿಕೆಯಿಂದಲೇ ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಚೇಳೂರು ರಸ್ತೆಯಲ್ಲಿರುವ ನಮ್ಮ ಕಾಲೇಜಿನ ಹಿಂದೆ ಕರಿಬಸಮ್ಮ ಎನ್ನುವವರ ತೆಂಗಿನ ತೋಟವಿದೆ. ನಮ್ಮ ಲ್ಯಾಬಿನ ಸಿಂಕಿನ ನೀರು ಅವರ ಬೇಲಿ ಪಕ್ಕದ ಗುಂಡಿಗೆ ಇಳಿಯುತ್ತದೆ, ಅಲ್ಲಿಂದ ಅವರ ಬಾವಿಗೆ. ಹೋದ ವಾರ ಆಕೆ ಒಂದು ಬಿಂದಿಗೆ ನೀರು ಹೊತ್ತು ತಂದು, ಕಾಲೇಜಿನ ಕಾರ್ಯದರ್ಶಿ ಚನ್ನಬಸವಯ್ಯನವರ ಮೇಜಿನ ಮೇಲೆ ಕುಕ್ಕಿದರು.

"ನೋಡಿ ಸ್ವಾಮಿ, ನಿಮ್ ಮಕ್ಳು ಕಲ್ತಿರೋದೆಲ್ಲ ಇದ್ರೊಳ್ಗೈತೆ. ಒಂದ್ ಗುಟುಕು ಕುಡೀರಿ, ನೋಡಾನ."

ಲೋಟ ತರಿಸಿದರು, ಯಾರೂ ಮುಟ್ಟಲಿಲ್ಲ. ಆಕೆ ಪೊಲೀಸಿಗೂ ಕಂಪ್ಲೇಂಟ್ ಕೊಟ್ಟಿದ್ದಾರೆ. ಅವತ್ತು ಸಂಜೆಯೇ ಚನ್ನಬಸವಯ್ಯನವರು ನನ್ನನ್ನು ಕರೆದು, ಮುಂದಿನ ವರ್ಷದಿಂದ ಕೆಮಿಸ್ಟ್ರಿ ಬೇಡ, ಲ್ಯಾಬಿಗೆ ಬೀಗ ಹಾಕೋಣ ಎಂದರು. ನಮ್ಮಲ್ಲಿ ಓದುವವರಲ್ಲಿ ಹೆಚ್ಚಿನವರು ಹುಡುಗಿಯರು. ಇಲ್ಲಿ ಕೆಮಿಸ್ಟ್ರಿ ಇಲ್ಲ ಎಂದಾದರೆ ಅವರನ್ನು ದಿನಾ ತುಮಕೂರಿಗೆ ಕಳಿಸುವ ಮನೆಗಳು ಕಡಿಮೆ. ನಾನು ಈ ಒಂದು ವರ್ಷ ಕೇಳಿಕೊಂಡೆ. ಅವರು ಎರಡು ಷರತ್ತು ಹಾಕಿದರು. ಆ ಪೈಪಿಗೆ ವಿಷ ಇಳಿಯಕೂಡದು. ವಿಶ್ವವಿದ್ಯಾಲಯದ ಸಮಿತಿ ಬಂದು ನಮ್ಮ ಹೊಸ ಪ್ರಯೋಗಗಳನ್ನು ಒಪ್ಪಬೇಕು. ಒಂದು ತಪ್ಪಿದರೂ ಬೀಗ.

ಹಾಗಾಗಿ ನಿಮ್ಮಿಂದ ಒಂದು ಸಹಾಯ ಬೇಕು. ನನ್ನ ಪರ ಮಾತಾಡಿ ಎನ್ನುತ್ತಿಲ್ಲ. ಪರೀಕ್ಷೆಗೆ ನೀವು ಕೊಡುತ್ತಿದ್ದಿರಲ್ಲ, ಮಕ್ಕಳು ಅಳುತ್ತಾ ಹೊರಗೆ ಬರುತ್ತಿದ್ದ ಪುಡಿಗಳು, ಅಂಥವನ್ನು ಹೆಸರು ಬರೆಯದೆ ಕಳಿಸಿ. ನಮ್ಮ ಮಕ್ಕಳು ನಮ್ಮ ರೀತಿಯಲ್ಲಿ ಹುಡುಕಲಿ. ಸಿಗದಿದ್ದರೆ ನಾನು ಹೇಳಿದ್ದು ಸುಳ್ಳು ಎಂದು ನಾನೇ ಒಪ್ಪುತ್ತೇನೆ.

ನಿಮ್ಮ ಮಗಳು,
ಶಶಿಕಲಾ


ಕುಣಿಗಲ್
2 ಆಗಸ್ಟ್ 2024

ಶಶಿಕಲಾಗೆ,

ಕಾಗದ ತಲುಪಿತು. ನನಗೆ ಸಿಟ್ಟು ಬಂದಿದೆ ಎಂದು ನೀನು ತಿಳಿದಿದ್ದರೆ ಸರಿಯಾಗಿಯೇ ತಿಳಿದಿದ್ದೀಯ.

ಹಸಿರು ರಸಾಯನಶಾಸ್ತ್ರ ಎನ್ನುತ್ತೀರಿ. ಮಕ್ಕಳ ಕೈಗೆ ದಾಸವಾಳದ ರಸ ಕೊಟ್ಟು ಬಣ್ಣ ಬದಲಾಯಿತು ಎಂದು ಚಪ್ಪಾಳೆ ತಟ್ಟಿಸುವುದು ಪ್ರೈಮರಿ ಸ್ಕೂಲಿನ ಆಟ. ರಸಾಯನಶಾಸ್ತ್ರ ಎಂದರೆ ಶಿಸ್ತು. ಒಂದಾದ ಮೇಲೊಂದು ಲೋಹದ ಗುಂಪು ಬಿಡಿಸುತ್ತಾ ಹೋಗಬೇಕು. ಮೂಗು ಉರಿಯಬೇಕು, ಕಣ್ಣಲ್ಲಿ ನೀರು ಬರಬೇಕು, ಆಗ ತಲೆಗೆ ಹತ್ತುತ್ತದೆ. ನಾವೆಲ್ಲ ಹಾಗೆ ಕಲಿತೆವು. ನೀನೂ ಹಾಗೇ ಕಲಿತೆ. ನಿನ್ನ ವೇದಿಕೆ ನನ್ನ ಲ್ಯಾಬಿನ ಮೆಟ್ಟಿಲ ಮೇಲೆ ನಿಂತಿದೆ.

ಕೇಳಿದ್ದೀಯ, ಕಳಿಸುತ್ತೇನೆ. ಆರು ಡಬ್ಬಿ. ನಿನ್ನ ತಮ್ಮ ಭೀಮರಾಜ ಸೋಮವಾರ ತುಮಕೂರಿನ ಬಟವಾಡಿಗೆ ಕೆಲಸಕ್ಕೆ ಬರುವಾಗ ತರುತ್ತಾನೆ, ಇಸಿದುಕೋ. ಒಂದರಲ್ಲೂ ಕರುಣೆ ತೋರಿಸಿಲ್ಲ. ಉತ್ತರ ನನ್ನ ಹತ್ತಿರ ಇದೆ. ನಿನ್ನ ಮಕ್ಕಳ ಉತ್ತರ ಬರೆದು ಕಳಿಸು.

ದೊಡ್ಡರಂಗಯ್ಯ

(ಕೆಳಗೆ, ಅಮ್ಮನ ಅಕ್ಷರದಲ್ಲಿ:)

ಶಶಿ, ಕವರು ಅಂಟಿಸೋಕೆ ನನ್ನ ಕೈಗೆ ಕೊಟ್ರು. ಮೊನ್ನೆ ಒಲೆ ಆರಿಹೋಗಿ ಗ್ಯಾಸು ಸೋರ್ತಾ ಇತ್ತು. ನಾನು ಹಿತ್ಲಲ್ಲಿದ್ದೆ. ಒಳಕ್ಕೆ ಬಂದ್ರೆ ಮನೆಯೆಲ್ಲ ನಾತ. ಇವರು ಅಲ್ಲೇ ಪಕ್ಕದಲ್ಲಿ ಪೇಪರ್ ಓದ್ತಾ ಕೂತವ್ರೆ! ಕೇಳಿದ್ರೆ "ಏನು ವಾಸನೆ?" ಅಂತಾರೆ. ನಾನು ಬರೆದೆ ಅಂತ ಹೇಳ್ಬೇಡ.
ಪುಟ್ಟಗಂಗಮ್ಮ


ಗುಬ್ಬಿ
25 ಆಗಸ್ಟ್ 2024

ಅಪ್ಪನಿಗೆ ನಮಸ್ಕಾರ.

ಡಬ್ಬಿಗಳು ತಲುಪಿದವು. ಭೀಮ ಅವನ್ನು ಟಿಫಿನ್ ಬಾಕ್ಸಿನ ಹಾಗೆ ಎದೆಗೊತ್ತಿ ಹಿಡಿದು ಬಸ್ಸಿನಲ್ಲಿ ನಿಂತೇ ಬಂದನಂತೆ.

ನಮ್ಮ ಲ್ಯಾಬ್ ಈಗ ನೋಡಿದರೆ ನಿಮಗೆ ನಗು ಬರಬಹುದು. ಟೆಸ್ಟ್ ಟ್ಯೂಬುಗಳೆಲ್ಲ ಬೀರುವಿನಲ್ಲಿವೆ. ಪ್ರತಿ ಮೇಜಿನ ಮೇಲೆ ಒಂದು ಬಿಳಿ ಟೈಲ್ಸು, ಒಂದು ಡ್ರಾಪರ್, ಅಷ್ಟೆ. ಪುಡಿಯನ್ನು ನೀರಲ್ಲಿ ಕರಗಿಸಿ ಟೈಲ್ಸಿನ ಮೇಲೆ ಒಂದು ಹನಿ ಇಡುತ್ತಾರೆ, ಅದಕ್ಕೆ ಪರೀಕ್ಷೆಯ ದ್ರಾವಣ ಒಂದು ಹನಿ. ಕಬ್ಬಿಣ ಇದೆಯೇ ಎಂದು ನೋಡಲು ಅಡಿಕೆ ಬೇಯಿಸಿದ ಚೊಗರು ಸಾಕು. ಕಬ್ಬಿಣ ಇದ್ದರೆ ಹನಿ ಶಾಯಿಯ ಹಾಗೆ ಕಪ್ಪಾಗುತ್ತದೆ. ಇಡೀ ತರಗತಿ ಮುಗಿದ ಮೇಲೆ ಉಳಿಯುವ ಕೊಳೆ ಒಂದು ಬಾಟಲಿಯ ತಳದಲ್ಲಿ ನಿಲ್ಲುತ್ತದೆ. ಅದರೊಳಗೆ ಹಳೇ ಮೊಳೆಗಳನ್ನು ಹಾಕಿ ಇಟ್ಟರೆ ತಾಮ್ರ ಮೊಳೆಗೆ ಅಂಟಿ ಹೊರಗೆ ಬರುತ್ತದೆ. ಹಸಿರು ಎನ್ನುವ ಹೆಸರಿನ ಅರ್ಥ ಇಷ್ಟೆ ಅಪ್ಪ. ಕೊಳೆ ಮಾಡಿ ಆಮೇಲೆ ತೊಳೆಯುವುದಲ್ಲ, ಮೊದಲೇ ಮಾಡದಿರುವುದು.

ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಐದರ ಬಗ್ಗೆ ನನಗೆ ಧೈರ್ಯವಿದೆ. ಆರನೆಯ ಡಬ್ಬಿ ಮೋನಿಕಾ ಎನ್ನುವ ಹುಡುಗಿಗೆ ಹೋಯಿತು. ಚೇಳೂರಿನಿಂದಾಚೆಯ ಹಳ್ಳಿಯವಳು, ಎರಡು ಬಸ್ ಬದಲಿಸಿ ಬರುತ್ತಾಳೆ, ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಅವಳು "ಕಬ್ಬಿಣ ಒಂದೇ" ಎಂದು ಬರೆದಿದ್ದಾಳೆ. ನಾನೂ ಮಾಡಿ ನೋಡಿದೆ, ನನಗೂ ಕಬ್ಬಿಣ ಒಂದೇ ಸಿಕ್ಕಿತು. ಆದರೆ ನೀವು ಕಬ್ಬಿಣ ಒಂದನ್ನೇ ಕಳಿಸುವವರಲ್ಲ ಎಂದು ನನಗೆ ಗೊತ್ತು.

ಮನೆಯಲ್ಲಿ ಒಲೆಯ ಹತ್ತಿರ ಹುಷಾರಾಗಿರಿ.

ಶಶಿಕಲಾ


ಕುಣಿಗಲ್
3 ಸೆಪ್ಟೆಂಬರ್ 2024

ಶಶಿಕಲಾಗೆ,

ಐದು ಸರಿ. ಆರನೆಯದು ತಪ್ಪು.

ಅದರಲ್ಲಿ ತಾಮ್ರವೂ ಇತ್ತು, ಸ್ವಲ್ಪವೇ. ನೀವು ತಾಮ್ರ ಹುಡುಕಲು ಅಮೋನಿಯಾ ಹಾಕಿದಾಗ ಕಬ್ಬಿಣದ ಕಂದು ಕೆಸರು ಎದ್ದು ತಾಮ್ರದ ನೀಲಿಯನ್ನು ಮುಚ್ಚಿಬಿಟ್ಟಿತು. ಟೈಲ್ಸಿನ ಮೇಲೆ ಅದು ಕಾಣುವುದಿಲ್ಲ. ನನ್ನ ಗ್ಯಾಸು ಹಾಯಿಸಿದ್ದರೆ ಕಬ್ಬಿಣ ಮೇಲೆಯೇ ಉಳಿದು ತಾಮ್ರ ಮಾತ್ರ ಕರ್ರಗೆ ತಳಕ್ಕೆ ಕೂರುತ್ತಿತ್ತು. ಕುರುಡನಿಗೂ ಕಾಣುವಷ್ಟು ಕಪ್ಪು. ಆ ಗ್ಯಾಸನ್ನು ನಾವು ಸುಮ್ಮನೆ ಚಟಕ್ಕೆ ಬಳಸುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷ ಯಾರು ಎಂದು ವಿಚಾರಿಸಿದೆ. ಕೃಷ್ಣಕುಮಾರ್. ನನ್ನ ಶಿಷ್ಯ. ಈಗ ದೊಡ್ಡ ಪ್ರೊಫೆಸರ್. ಅವನಿಗೆ ನಾನು ಒಂದು ಮಾತೂ ಹೇಳುವುದಿಲ್ಲ, ನೀನು ಹೇಳಿಸುವುದೂ ಇಲ್ಲ ಎಂದು ಗೊತ್ತು. ಆದರೆ ಅವನು ಕೊಡುವ ಪುಡಿಗಳು ನನ್ನ ಪುಡಿಗಳ ಮಕ್ಕಳೇ ಆಗಿರುತ್ತವೆ. ಈ ತಾಮ್ರ ಸಿಗದಿದ್ದರೆ ನಿನ್ನ ಲ್ಯಾಬ್ ಮುಚ್ಚಿತು ಎಂದೇ ತಿಳಿ.

ಆ ಹುಡುಗಿಯನ್ನು ಬೈಯಬೇಡ. ಬೈಯುವುದಿದ್ದರೆ ವಿಧಾನವನ್ನು ಬೈ.

ದೊಡ್ಡರಂಗಯ್ಯ


ಗುಬ್ಬಿ
27 ಅಕ್ಟೋಬರ್ 2024

ಅಪ್ಪ,

ಸಿಕ್ಕಿತು!

ನಿಮ್ಮ ಕಾಗದ ಬಂದಾಗಿನಿಂದ ಆರನೆಯ ಡಬ್ಬಿ ನಮ್ಮ ಮನೆ ದೇವರಾಗಿತ್ತು. ಮೋನಿಕಾ ದಿನಾ ಕ್ಲಾಸ್ ಮುಗಿಸಿ ಕೊನೇ ಬಸ್ಸಿನ ತನಕ ಅದರ ಮುಂದೆ ಕೂರುತ್ತಿದ್ದಳು. ಹೆಚ್ಚು ಅಮೋನಿಯಾ, ಕಡಿಮೆ ಅಮೋನಿಯಾ, ಬಿಸಿ ಮಾಡಿ, ತಣ್ಣಗೆ ಮಾಡಿ. ಏನು ಮಾಡಿದರೂ ಕಂದು ಕೆಸರು. ಒಂದು ದಿನ ನಾನೇ, "ಬಿಡು ಮಗಾ, ಬೇರೆ ದಾರಿ ಯೋಚನೆ ಮಾಡಾಣ" ಎಂದೆ. "ನಮ್ಮಪ್ಪ ಕಾಲೇಜ್ ಬಿಡ್ಸಿ ಮದುವೆ ಮಾಡ್ತೀನಿ ಅಂತ ಕುಂತವ್ನೆ ಮ್ಯಾಮ್. ಲ್ಯಾಬ್ ಮುಚ್ತು ಅಂದ್ರೆ ಅವ್ನಿಗೆ ಅದೇ ಸಾಕು. ನಾನ್ ಬಿಡಲ್ಲ" ಎಂದಳು. ನಾನು ಟೈಲ್ಸು ತೊಳೆದು ಅವಳ ಮುಂದಿಟ್ಟೆ.

ಶುಕ್ರವಾರ ಹನಿ ಬೀಳಿಸುವಾಗ ಅವಳ ಕೈ ತಪ್ಪಿ, ಹನಿ ಟೈಲ್ಸಿನ ಬದಲು ಪಕ್ಕದಲ್ಲಿದ್ದ ಫಿಲ್ಟರ್ ಪೇಪರಿನ ಮೇಲೆ ಬಿತ್ತು. ಒರೆಸಿ ಹಾಕುವ ಬದಲು, ಹೆಂಗೂ ಬಿದ್ದಿದೆಯಲ್ಲ ಎಂದು ಅದರ ನಡುವೆಯೇ ಒಂದು ಹನಿ ಅಮೋನಿಯಾ ಬಿಟ್ಟಳಂತೆ. ಹನಿ ಕಾಗದದಲ್ಲಿ ಹರಡಿಕೊಂಡಿತು. ಕಬ್ಬಿಣದ ಕೆಸರು ಹರಿಯಲಾರದೆ ನಡುವೆಯೇ ಕಂದಾಗಿ ಕೂತಿತು. ತಾಮ್ರ ಮಾತ್ರ ನೀರಿನ ಜೊತೆ ಹೊರಗೆ ಓಡಿ ಅಂಚಿಗೆ ಹೋಗಿ ನಿಂತಿತು. ನಡುವೆ ಕಂದು ಚುಕ್ಕೆ, ಸುತ್ತ ನೀಲಿ ಬಳೆ.

"ಮ್ಯಾಮ್! ಬನ್ನಿ ಇಲ್ಲಿ! ತಪ್ಪುಸ್ಕೊಂಡು ಓಡೋಗ್ತಾ ಐತೆ ನೋಡಿ ತಾಮ್ರ!" ಎಂದು ಕಿರುಚಿದಳು. ಆಚೆ ಕಾರಿಡಾರಿನಲ್ಲಿದ್ದ ಇತಿಹಾಸದ ಮೇಷ್ಟ್ರು ಏನೋ ಅನಾಹುತವಾಯಿತು ಎಂದು ಓಡಿ ಬಂದರು.

ಹಳೇ ಪುಸ್ತಕಗಳನ್ನು ತೆಗೆದು ನೋಡಿದೆ. ಇದು ಹೊಸದೇನಲ್ಲ, ಬಹಳ ಹಿಂದೆಯೇ ಯಾರೋ ಕಂಡುಕೊಂಡಿದ್ದಾರೆ. ಆದರೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳ ಮಟ್ಟಿಗೆ ಅವಳೇ ಕಂಡುಹಿಡಿದಳು. ಆ ಕಾಗದದ ಚೂರನ್ನು ಇದರೊಳಗೆ ಇಟ್ಟಿದ್ದೇನೆ. ಒಣಗಿ ಬಣ್ಣ ಮಾಸಿರಬಹುದು, ನೀವೇ ಮಾಡಿ ನೋಡಿ.

ಇನ್ನೊಂದು ವಿಷಯ. ನಮ್ಮ ಮಕ್ಕಳು ತಿಂಗಳಿಗೊಮ್ಮೆ ಕರಿಬಸಮ್ಮನವರ ಬಾವಿ ನೀರು ತಂದು ಪರೀಕ್ಷೆ ಮಾಡುತ್ತಿದ್ದಾರೆ. ಸೇದಲು ಮೊದಮೊದಲು ಆಕೆ ಹಗ್ಗವನ್ನೇ ಕೊಡುತ್ತಿರಲಿಲ್ಲ. ಈ ಸಲ ಹಗ್ಗವನ್ನೂ ಕೊಟ್ಟು, ಎಳನೀರನ್ನೂ ಕೊಟ್ಟರು. "ಕಂಪ್ಲೇಂಟ್ ವಾಪಸ್ ತಗಳಲ್ಲ, ಮದ್ಲೇ ಹೇಳಿವ್ನಿ. ಎಳ್ನೀರ್ ಬೇರೆ, ಕಂಪ್ಲೇಂಟ್ ಬೇರೆ" ಎಂದರು.

ಶಶಿಕಲಾ


ಕುಣಿಗಲ್
24 ನವೆಂಬರ್ 2024

ಪ್ರೀತಿಯ ಶಶಿ,

ಉತ್ತರ ತಡವಾಯಿತು. ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ.

ನಿನ್ನ ಕಾಗದದ ಚೂರು ಮಾಸಿತ್ತು. ನಂಬಿಕೆ ಬರಲಿಲ್ಲ. ಇಲ್ಲಿ ಹೈಸ್ಕೂಲಿನ ಮೇಷ್ಟ್ರ ಹತ್ತಿರ ಚೂರು ಅಮೋನಿಯಾ ಇಸಿದುಕೊಂಡು ಬಂದು ಅಡುಗೆಮನೆ ಕಟ್ಟೆಯ ಮೇಲೆ ನಾನೇ ಮಾಡಿದೆ. ನಡುವೆ ಕಂದು, ಅಂಚಿನಲ್ಲಿ ನೀಲಿ. ತಾಮ್ರವನ್ನು ಕಡಿಮೆ ಮಾಡುತ್ತಾ ಹೋದೆ. ನನ್ನ ಹಳೆಯ ವಿಧಾನಕ್ಕೂ ಕಷ್ಟವಾಗುವಷ್ಟು ಕಡಿಮೆ ಮಾಡಿದೆ. ಆಗಲೂ ಒಂದು ಕೂದಲೆಳೆಯಷ್ಟು ನೀಲಿ ಬಂತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ನಿಮ್ಮಮ್ಮ ಬಂದು, "ಏನ್ರೀ ಇದು, ಒಗ್ಗರಣೆ ಹಾಕೋ ಜಾಗದಲ್ಲಿ?" ಎಂದಳು. ಬೈಯುವ ದನಿಯಲ್ಲಿ ಹೇಳಿದಳು, ಮುಖದಲ್ಲಿ ನಗು ಇತ್ತು.

ಅಮೋನಿಯಾದ ಬಾಟಲಿ ನನ್ನ ಮೂಗಿನ ಕೆಳಗೇ ತೆರೆದಿತ್ತಂತೆ ಶಶಿ. ಅವಳು ಬಾಗಿಲಲ್ಲಿ ನಿಂತೇ ಮೂಗಿಗೆ ಸೆರಗು ಮುಚ್ಚಿಕೊಂಡಳು. ನನಗೆ ಕಣ್ಣು ಉರಿಯಿತು, ವಾಸನೆ ಎನ್ನುವುದು ಬರಲಿಲ್ಲ.

ನನಗೆ ವಾಸನೆ ಗೊತ್ತಾಗದೆ ಎಷ್ಟೋ ವರ್ಷವಾಯಿತು. ಡಾಕ್ಟರಿಗೆ ತೋರಿಸಿದ್ದೆ. "ಯಾವ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು, ಹೇಳಿದೆ, ಅವರು ಮುಂದೆ ಏನೂ ಕೇಳಲಿಲ್ಲ. ವರ್ಷಗಟ್ಟಲೆ ಆ ಗ್ಯಾಸಿನ ಕೋಣೆಯಲ್ಲಿ ನಿಂತವನಿಗೆ ಮೊದಲು ಆ ಗ್ಯಾಸಿನ ವಾಸನೆಯೇ ಗೊತ್ತಾಗುವುದು ನಿಂತಿತು. ಆಮೇಲೆ ಕಾಫಿ, ಸಾರು, ಮಳೆ ಬಿದ್ದ ಮಣ್ಣು. ನಿಮ್ಮಮ್ಮ ಮುಡಿಯುವ ಮಲ್ಲಿಗೆ ಈಗ ಕಣ್ಣಿಗೆ ಮಾತ್ರ. ಯಾರಿಗೂ ಹೇಳಬೇಕು ಅನ್ನಿಸಿರಲಿಲ್ಲ. ನೀನು ವೇದಿಕೆಯ ಮೇಲೆ ಮಕ್ಕಳ ಮೂಗಿನ ಮಾತೆತ್ತಿದಾಗ ಮಾತ್ರ ಕೂರಲಾಗಲಿಲ್ಲ.

ಇದನ್ನು ಇಲ್ಲಿಗೆ ಬಿಡು. ಮುಂದಿನ ಭಾನುವಾರ ಇನ್ನೂ ಕೆಟ್ಟ ಡಬ್ಬಿಗಳನ್ನು ಕಳಿಸುತ್ತೇನೆ. ಕೃಷ್ಣಕುಮಾರ್ ಎರಡು ಲೋಹಕ್ಕೆ ನಿಲ್ಲುವವನಲ್ಲ. ಆ ನೀಲಿ ಬಳೆಯ ಅಂಚಿಗೆ ಬೇರೆ ಬೇರೆ ಹನಿ ಮುಟ್ಟಿಸಿ ನೋಡಲು ಮೋನಿಕಾಗೆ ಹೇಳು. ನೀಲಿ ಕಂಡಿತು ಎಂದು ಅಲ್ಲಿಗೇ ಕೈ ತೊಳೆಯಬಾರದು. ಬಣ್ಣದ ಮೇಲೆ ಒಂದು ಚೂರು ಅನುಮಾನ ಬಂದರೂ ಅಲ್ಲಿ ಇನ್ನೊಬ್ಬ ಅಡಗಿದ್ದಾನೆ ಎಂದೇ ಅರ್ಥ.

ಆಶೀರ್ವಾದಗಳೊಂದಿಗೆ,
ಅಪ್ಪ


ಗುಬ್ಬಿ
30 ಜನವರಿ 2025

ಅಪ್ಪ,

ಸಮಿತಿ ಬಂದು ಹೋಯಿತು. ಫೆಬ್ರವರಿ ಎಂದಿದ್ದವರು ಮಂಗಳವಾರ ಬೆಳಿಗ್ಗೆ ಹೇಳದೆ ಕೇಳದೆ ಬಂದಿಳಿದರು. ನಿಮ್ಮನ್ನು ಕರೆಸಲೂ ಸಮಯವಿರಲಿಲ್ಲ. ಅದಕ್ಕೆ ಒಂದೂ ಬಿಡದೆ ಬರೆಯುತ್ತೇನೆ.

ಪ್ರೊಫೆಸರ್ ಕೃಷ್ಣಕುಮಾರ್, ಅವರ ಜೊತೆ ತುಮಕೂರಿನ ಒಬ್ಬರು ಮೇಡಂ. ಲ್ಯಾಬಿನೊಳಗೆ ಬಂದ ಕೂಡಲೆ ಪ್ರೊಫೆಸರ್ ಸುತ್ತ ನೋಡಿ, "ಇದೇನ್ರೀ, ಟೆಸ್ಟ್ ಟ್ಯೂಬೇ ಕಾಣಲ್ಲ. ಟೈಲ್ಸ್ ಅಂಗಡಿ ಇದ್ದ ಹಾಗಿದೆ" ಎಂದರು. ಚನ್ನಬಸವಯ್ಯನವರು ನನ್ನ ಕಡೆ ನೋಡಿದರು. ಲ್ಯಾಬಿನ ಬೀಗದ ಕೈ ಅವರ ಕೈಯಲ್ಲೇ ಇತ್ತು.

ಪುಡಿಗಳನ್ನು ತುಮಕೂರಿನಿಂದಲೇ ತಂದಿದ್ದರು. ಮೇಡಂ ತಯಾರಿಸಿದ್ದು. ಉತ್ತರದ ಲಕೋಟೆ ಪ್ರೊಫೆಸರ್ ಜೇಬಿನಲ್ಲಿ. ಮಕ್ಕಳು ಚೀಟಿ ಎತ್ತಿದರು. ಮೂರು ಮೇಜಿನವರು ಬೇಗ ಮುಗಿಸಿದರು, ಎಲ್ಲ ಸರಿ. ಪ್ರೊಫೆಸರ್ ತಲೆಯಾಡಿಸುತ್ತಾ ಮುಂದೆ ಹೋದರು. ಕೊನೆಯ ಮೇಜಿನಲ್ಲಿ ಮೋನಿಕಾ.

ಅವಳು ಫಿಲ್ಟರ್ ಪೇಪರಿನ ಮೇಲೆ ಹನಿ ಬಿಟ್ಟಳು. ನಡುವೆ ಕಂದು ಬಂತು. ಅಂಚಿಗೆ ನೀಲಿ ಬಂತು. ಪ್ರೊಫೆಸರ್ ಬಗ್ಗಿ ನೋಡಿ, ಮೊದಲ ಸಲ ನಕ್ಕರು. "ಪರವಾಗಿಲ್ಲ. ಕಬ್ಬಿಣದ ಕೆಳಗೆ ತಾಮ್ರ ಅಡಗಿಸಿ ಕೊಡೋದು ನಮ್ಮ ಮೇಷ್ಟ್ರ ಪಟ್ಟು. ನಾವ್ಯಾರೂ ಮೊದಲ ಸಲ ಹಿಡೀಲಿಲ್ಲ. ಬರಿಯಮ್ಮ, ಕಬ್ಬಿಣ, ತಾಮ್ರ. ಮುಗೀತು."

ಅವಳು ಬರೆಯಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

"ಏನಮ್ಮಾ?"

"ಈ ನೀಲಿ ಸರಿ ಇಲ್ಲ ಸಾರ್."

"ಸರಿ ಇಲ್ಲ ಅಂದ್ರೆ?"

"ತಾಮ್ರದ್ ನೀಲಿ ನಂಗ್ ಚೆನ್ನಾಗ್ ಗೊತ್ತು. ಇದ್ರಲ್ಲಿ ಇನ್ನೊಂದೇನೋ ಇದೆ."

ಪ್ರೊಫೆಸರ್ ಲಕೋಟೆ ತೆಗೆದು ಮತ್ತೊಮ್ಮೆ ನೋಡಿದರು. "ಇಲ್ಲ. ಎರಡೇ ಇರೋದು. ಹೆಚ್ಚು ತಲೆ ಓಡಿಸಬೇಡ. ಇಲ್ಲದ್ದನ್ನ ಇದೆ ಅಂದ್ರೂ ತಪ್ಪೇ, ಗೊತ್ತಲ್ಲ?"

ನನಗೆ ಬಾಯಿ ಬಿಡುವ ಹಾಗಿಲ್ಲ. ಅವಳ ಕಣ್ಣು ತುಂಬಿತ್ತು. ಆದರೂ ಮೂರು ಬಾಟಲಿ ತೆಗೆದು, ಒಂದೊಂದೇ ಹನಿಯನ್ನು ಆ ನೀಲಿಯ ಅಂಚಿಗೆ ಒಂದೊಂದು ಕಡೆ ಮುಟ್ಟಿಸಿದಳು. ಮೊದಲೆರಡು ಕಡೆ ಏನೂ ಆಗಲಿಲ್ಲ. ಮೂರನೆಯ ಕಡೆ ನೀಲಿಯ ಮೇಲೆ ಕೆಂಪು ಎದ್ದಿತು. ದಾಳಿಂಬೆ ಕಾಳಿನ ಕೆಂಪು.

"ನಿಕ್ಕಲ್ ಇದೆ ಸಾರ್. ಮೂರು ಇದಾವೆ. ನಾನು ಮೂರಂತಾನೇ ಬರಿಯೋದು." ಹೇಳುತ್ತಲೇ ಮೂರೂ ಹೆಸರು ಬರೆದಳು.

ಪ್ರೊಫೆಸರ್ ಲಕೋಟೆಯನ್ನೂ ಕಾಗದವನ್ನೂ ಮತ್ತೆ ಮತ್ತೆ ನೋಡಿದರು. ಆಗ ಹಿಂದೆ ನಿಂತಿದ್ದ ಮೇಡಂ ಮುಂದೆ ಬಂದರು. "ಸರ್, ನಿಕ್ಕಲ್ ನಾನೇ ಹಾಕಿದ್ದು. ಲಕೋಟೆಯಲ್ಲಿ ಬೇಕೂಂತಲೇ ಬರೀಲಿಲ್ಲ. ದೊಡ್ಡವರು ಎರಡೇ ಅಂದ ಮೇಲೆ ಈ ಮಕ್ಕಳು ತಮ್ಮ ಕಣ್ಣು ನಂಬ್ತಾರೋ, ನಮ್ಮ ಮಾತು ನಂಬ್ತಾರೋ ನೋಡ್ಬೇಕಿತ್ತು."

ಪ್ರೊಫೆಸರ್ ಕೃಷ್ಣಕುಮಾರ್ ಲಕೋಟೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಮೋನಿಕಾಗೆ ಕೈ ಮುಗಿದರು ಅಪ್ಪ. ತಮಾಷೆಗಲ್ಲ. "ನಾನಾಗಿದ್ದಿದ್ರೆ ಎರಡೂಂತಲೇ ಬರೀತಿದ್ದೆ ಕಣಮ್ಮ" ಎಂದರು. ಲ್ಯಾಬಿನಲ್ಲಿ ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು.

ದಿನದ ಕೊಳೆ ಎಷ್ಟು ಎಂದು ಕೇಳಿದರು. ಬಾಟಲಿ ತೋರಿಸಿದೆ. "ಇದು ಒಂದು ಮೇಜಿಂದಾ?" ಎಂದರು. "ಎಲ್ಲರದೂ ಸೇರಿ" ಎಂದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಒಪ್ಪಿಗೆಯ ಹಾಳೆಗೆ ಸಹಿ ಹಾಕಿದರು.

ಹೊರಗೆ ಬಂದರೆ ಗೇಟಿನ ಹತ್ತಿರ ಕರಿಬಸಮ್ಮ. ಯಾರೋ ಕಾರು ಬಂದಿದೆ ಎಂದಿದ್ದಾರೆ, ಪೊಲೀಸಿನವರು ಎಂದುಕೊಂಡು ಬಂದಿದ್ದಾರೆ. ಪ್ರೊಫೆಸರ್ ಅವರನ್ನೇ ಕೇಳಿದರು, "ಈಗ ಬಾವಿ ಹೆಂಗಿದೆಯಮ್ಮ?"

"ನಾತ ಹೋಗೈತೆ. ಮಕ್ಳು ತಿಂಗ್ ತಿಂಗ್ಳೂ ನೋಡ್ತವೆ. ಕುಡಿಯಾಕಿನ್ನೂ ಬ್ಯಾಡ ಅಂತ ಈ ಮೇಡಮ್ಮೇ ಹೇಳವ್ರೆ, ಗಿಡಕ್ಕೆ ಬುಡಬೌದಂತೆ. ಹೊಸ ಸಸಿ ಸುಳಿ ಬುಟ್ಟವೆ." ನಂತರ ಚನ್ನಬಸವಯ್ಯನವರ ಕಡೆ ತಿರುಗಿ, "ಕಂಪ್ಲೇಂಟು ನಿನ್ನೆನೇ ವಾಪಸ್ ತಗಂಡೆ. ಬೀಗಗೀಗ ಹಾಕೀರಾ ಮತ್ತೆ! ನನ್ ಮೊಮ್ಮಗ್ಳನ್ನ ಮುಂದಿನ್ ವರ್ಸ ಇಲ್ಲೇ ಸೇರಿಸ್ಬೇಕು ನಾನು" ಎಂದರು.

ಚನ್ನಬಸವಯ್ಯನವರು ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. "ಇಟ್ಕೊಳಿ ಮೇಡಂ, ನನ್ ಹತ್ರ ಕಳೆದೋಗುತ್ತೆ" ಎಂದರು. ಅಷ್ಟೇ ಹೇಳಿದ್ದು.

ಹೊರಡುವಾಗ ಪ್ರೊಫೆಸರ್, "ಈ ಮಕ್ಕಳಿಗೆ ಇಂಥಾ ಪುಡಿಗಳ ಮೇಲೆ ಅಭ್ಯಾಸ ಮಾಡಿಸಿದವರು ಯಾರು?" ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ಕಾರಿನ ಬಾಗಿಲು ಹಿಡಿದವರು ಹಾಗೇ ನಿಂತುಬಿಟ್ಟರು.

ಶಶಿ


ಕುಣಿಗಲ್
9 ಫೆಬ್ರವರಿ 2025

ಪ್ರೀತಿಯ ಶಶಿ,

ನಿನ್ನ ಕಾಗದವನ್ನು ನಾನು ಓದಿದೆ. ಆಮೇಲೆ ನಿಮ್ಮಮ್ಮನಿಗೆ ಓದಿ ಹೇಳಿದೆ. ಕೆಂಪು ಎದ್ದ ಕಡೆ ಅವಳು, "ಇನ್ನೊಂದ್ಸಲ ಓದ್ರಿ" ಎಂದಳು. ಈಗ ಕೆರೆ ಏರಿಯ ಮೇಲೆ ವಾಕಿಂಗಿಗೆ ಬರುವ ನನ್ನ ಸ್ನೇಹಿತರಿಗೆಲ್ಲ ಮೋನಿಕಾ ಎಂದರೆ ಯಾರು, ನಿಕ್ಕಲ್ ಎಂದರೆ ಏನು ಎಂದು ಬಾಯಿಪಾಠವಾಗಿದೆ. ಬ್ಯಾಂಕಿನಲ್ಲಿದ್ದ ಗುಂಡಯ್ಯನವರಂತೂ ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮ ಮಗಳು ಗೆದ್ದಳೋ, ನೀವು ಸೋತಿರೋ, ಅದೊಂದು ಹೇಳಿ ಮೇಷ್ಟ್ರೇ" ಎಂದರು. "ಎರಡೂ ಆಗಿದೆ, ಎರಡಕ್ಕೂ ಇವತ್ತು ಕಾಫಿ ನಂದು" ಎಂದೆ.

ಹೋದ ಭಾನುವಾರ ಕೃಷ್ಣಕುಮಾರ್ ಮನೆಗೇ ಬಂದಿದ್ದ. ತಲೆ ನನ್ನಷ್ಟೇ ಬೆಳ್ಳಗಾಗಿದೆ. ನನಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದ. "ಸಾರ್, ನೀವು ಅವತ್ತು ಸಮ್ಮೇಳನದಿಂದ ಎದ್ದು ಹೋದಾಗ ನಾವು ಕೆಲವರು ಒಳಗೊಳಗೇ ಖುಷಿಪಟ್ಟಿದ್ದೆವು, ನಿಮ್ಮ ಬೆಂಬಲ ನಮಗೆ ಅಂತ" ಎಂದು ಬರೆದ. ನಾನು ಆ ಹಾಳೆ ಇಸಿದುಕೊಂಡು ಅದರ ಕೆಳಗೇ ಬರೆದೆ: "ಅವತ್ತು ನನ್ನ ಮಗಳು ಸರಿ ಹೇಳಿದ್ದಳು. ಇದನ್ನು ಅಲ್ಲಿದ್ದವರಿಗೆಲ್ಲ ತೋರಿಸು." ಮಡಿಸಿ ಜೇಬಿಗಿಟ್ಟುಕೊಂಡು ಹೋದ. ತೋರಿಸುತ್ತಾನೆ, ಅವನು ಮಾತಿಗೆ ತಪ್ಪುವವನಲ್ಲ.

ಆ ಹುಡುಗಿಯ ಅಪ್ಪನ ವಿಚಾರ ಏನಾಯಿತು? ಮದುವೆಯ ಮಾತು ಇನ್ನೂ ಇದೆಯೇ? ಅದನ್ನು ನೀನು ಬರೆಯಲಿಲ್ಲ.

ಅಪ್ಪ


ಗುಬ್ಬಿ
18 ಮೇ 2025

ಅಪ್ಪ,

ಒಂದೊಂದಾಗಿ ಹೇಳುತ್ತೇನೆ, ಎಲ್ಲ ಒಳ್ಳೆಯದೇ.

ಪರೀಕ್ಷೆಯ ಫಲಿತಾಂಶ ಬಂತು. ಪ್ರಾಕ್ಟಿಕಲ್ಸಿನಲ್ಲಿ ನಮ್ಮ ಮಕ್ಕಳೆಲ್ಲ ಪಾಸು. ಮೋನಿಕಾ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗಳು. ಫಲಿತಾಂಶದ ದಿನ ಅವಳ ಅಪ್ಪ ಕಾಲೇಜಿಗೆ ಬಂದರು. ನಾನು ಜಗಳಕ್ಕೆ ಸಿದ್ಧವಾಗಿಯೇ ಎದ್ದು ನಿಂತೆ. ಅವರು ಲ್ಯಾಬಿನೊಳಗೆ ಬಂದು, ಟೈಲ್ಸನ್ನು ಮುಟ್ಟಿ ನೋಡಿ, "ಎಮ್ಮೆಸ್ಸಿಗೆ ಎಲ್ಲಿಗ್ ಹಾಕ್ಬೇಕು ಮೇಡಂ? ತುಮಕೂರೇ ಆಗ್ಬೇಕಾ, ಮೈಸೂರು ಚೆನ್ನಾಗೈತಾ?" ಎಂದರು. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮದುವೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡನೆಯದು. ವಿಶ್ವವಿದ್ಯಾಲಯದ ಸುತ್ತೋಲೆ ಬಂದಿದೆ. ಜೂನಿನಿಂದ ಗ್ಯಾಸು ಹಾಯಿಸುವ ಪ್ರಯೋಗ ಎಲ್ಲ ಕಾಲೇಜುಗಳಲ್ಲೂ ನಿಲ್ಲುತ್ತದೆ, ಅದರ ಜಾಗಕ್ಕೆ ಹನಿಯ ಪ್ರಯೋಗ. ಕಲಿಸುವವರಿಗೆ ಮೊದಲು ತರಬೇತಿ ಕೊಡಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಅಧ್ಯಾಪಕರೆಲ್ಲ ಅದಕ್ಕೆ ಬರುವುದು ಎಲ್ಲಿಗೆ ಗೊತ್ತೇ? ನಮ್ಮ ಲ್ಯಾಬಿಗೆ! ಚನ್ನಬಸವಯ್ಯನವರು ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾರೆ, ಆ ವಾಸನೆಗೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮೂರನೆಯದು ನಿಮಗೆ. ತರಬೇತಿ ಕೊಡುವವರ ಹೆಸರು ಕೇಳಿದ್ದರು. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಬರೆದಿದ್ದೇನೆ. ಕೇಳದೆ ಬರೆದೆ. ಬರುವವರಲ್ಲಿ ಅರ್ಧ ಜನ ನಿಮ್ಮ ಶಿಷ್ಯರು, ಇನ್ನರ್ಧ ನಿಮ್ಮ ಶಿಷ್ಯರ ಶಿಷ್ಯರು. ಹಳೆಯದನ್ನು ಬಿಡಿ ಎಂದು ನಾನು ಹೇಳಿದರೆ ಅವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ನೀವು ಹೇಳಿದರೆ ಬಿಡುತ್ತಾರೆ.

ಕಿವಿಯ ನೆಪ ಹೇಳಬೇಡಿ. ನಿಮ್ಮ ತರಗತಿಯಲ್ಲಿ ಯಾರಾದರೂ ಯಾವತ್ತಾದರೂ ಮಾತಾಡಿದ್ದುಂಟೇ?

ಶಶಿ


ಕುಣಿಗಲ್
6 ಜೂನ್ 2025

ಪ್ರೀತಿಯ ಶಶಿ,

ಸೋಮವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡುತ್ತೇನೆ. ನಿಮ್ಮಮ್ಮನೂ ಬರುತ್ತಾಳೆ, ನಾನು ಪಾಠ ಮಾಡುವುದನ್ನು ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ನೋಡಿಲ್ಲವಂತೆ, ನೋಡಲೇಬೇಕಂತೆ. ಮೊದಲ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸು. ಗುಬ್ಬಿ ಸ್ಟ್ಯಾಂಡಿಗೆ ಮೋನಿಕಾ ಬರಲಿ. ನೀನು ಬರಬೇಡ, ಲ್ಯಾಬಿನಲ್ಲಿ ಇರು.

ನನ್ನ ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿದ್ದೇನೆ. ಹೊಟ್ಟೆಯ ಹತ್ತಿರ ಬಿಗಿಯಾಗಿದೆ, ಗುಂಡಿ ಹಾಕುವುದಿಲ್ಲ.

ಕೃಷ್ಣಕುಮಾರ್ ಕಳಿಸಿದ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲ ಪಾಠ ನಿನ್ನದು, ಎರಡನೆಯದು ನನ್ನದು ಎಂದಿದೆ. ನಾನು ಹಿರಿಯ, ಆದ್ದರಿಂದ ಮೊದಲು ನನ್ನದಾಗಬೇಕು. ನೀನು ಒಪ್ಪುವುದಿಲ್ಲ ಎಂದು ಗೊತ್ತು. ಬಂದ ಮೇಲೆ ಎಲ್ಲರ ಎದುರಿಗೇ ಜಗಳವಾಡೋಣ. ಈ ಸಲ ನಾನು ಎದ್ದು ಹೋಗುವುದಿಲ್ಲ.

ಅಪ್ಪ